ಹನಮಪ್ಪನ ತಲೆಯ ಬಿಳಿ ಅಂಚು

ಐವತ್ತೈದು ಇಂಚಿನ ಫೋರ್‌ಕೆ ಟಿವಿಯಲ್ಲಿ ನೀವು ಹಳೆಯ ಕೇಬಲ್ ಚಾನೆಲ್ ನೋಡುತ್ತಿದ್ದೀರಿ ಎನ್ನಿ. ಪರದೆಯ ಪ್ರತಿ ಇಪ್ಪತ್ತು ಚುಕ್ಕಿಗಳಲ್ಲಿ ಒಂದಕ್ಕೆ ಆಗುವಷ್ಟು ಮಾಹಿತಿ ಮಾತ್ರ ತಂತಿಯಿಂದ ಬಂದಿರುತ್ತದೆ. ಉಳಿದ ಹತ್ತೊಂಬತ್ತನ್ನು ಟಿವಿ ಅಕ್ಕಪಕ್ಕ ನೋಡಿ ಅಂದಾಜಿನ ಮೇಲೆ ತುಂಬಿಕೊಂಡಿರುತ್ತದೆ. ಇದು ಆರೋಪವಲ್ಲ, ಗುಣಾಕಾರ. ಬೇಕಾದರೆ ನೀವೇ ಮಾಡಿ ನೋಡಬಹುದು.

ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇಷ್ಟೂ ಸುತ್ತಿ ಟಿವಿ ರಿಪೇರಿ ಮಾಡಿ ನಿವೃತ್ತನಾದವನು ನಾನು. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಅನುಭವ ಬರೆದುಕೊಡಿ ಎಂದು ಕೇಳುತ್ತಾರೆ. ಬರೆಯಲು ಕೂತಾಗಲೆಲ್ಲ ಮೇಲಿನ ಗುಣಾಕಾರ ಅಡ್ಡ ಬರುತ್ತದೆ. ನನ್ನ ತಲೆ ಆ ಟಿವಿಗಿಂತ ಪ್ರಾಮಾಣಿಕ ಯಂತ್ರ ಎಂದು ನಂಬಲು ನನ್ನ ಬಳಿ ಯಾವ ಆಧಾರವೂ ಇಲ್ಲ. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದ್ದರಿಂದ ಬಂದ ಲಾಭ ಒಂದೇ: ಎಲ್ಲವನ್ನೂ ಅನುಮಾನಿಸುವ ಚಟ. ಅದು ಈಗ ತಿರುಗಿ ನನಗೇ ಅಂಟಿಕೊಂಡಿದೆ.

ಆದರೂ ಬರೆಯಲೇಬೇಕಾದ ಕಾರಣವೊಂದಿದೆ. ಹೊಳೆ ದಂಡೆಯ ಒಂದು ಹಳ್ಳಿಯಲ್ಲಿ ನಾನು ಹಚ್ಚಿದ ಟಿವಿಯಿಂದಾಗಿ ಹನಮಪ್ಪ ಎಂಬ ನೀರಗಂಟಿ ಕಳ್ಳನೆನಿಸಿಕೊಂಡ. ಆ ದಿನ ಊರವರ ಮುಂದೆ ನಾನು ಏನು ಹೇಳಿದೆ ಎಂಬುದು ಬಹಳ ಕಾಲ ನನಗೇ ಖಚಿತವಿರಲಿಲ್ಲ. ಅಲ್ಲಿಗೆ ಬರುವ ಮೊದಲು ಈ ಕೆಲಸ ಎಂಥದ್ದು ಎಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ತಪ್ಪು ಎಲ್ಲಿ ಆಯಿತು ಎಂದು ನಿಮಗೆ ತಿಳಿಯುವುದಿಲ್ಲ.

ಮೊದಲು ನನ್ನ ಪಾಂಡಿತ್ಯದ ಒಂದು ಮಾದರಿ. ಶಿರಹಟ್ಟಿಯಲ್ಲಿ ಒಬ್ಬರ ಹೊಸ ಟಿವಿಯ ಮೇಲಿನ ಮೂಲೆಯಲ್ಲಿ ಕೆಂಪು ಚುಕ್ಕಿ ಕಾಣುತ್ತಿದೆ ಎಂದು ದೂರು ಬಂತು. ಹೋಗಿ ನೋಡಿದೆ. ಚಾನೆಲ್ ಬದಲಿಸಿದರೂ ಚುಕ್ಕಿ ಇತ್ತು. ಕಪ್ಪು ಪರದೆ ಹಾಕಿದರೂ ಬೆಳಕಿನಲ್ಲಿ ಮಸುಕಾಗಿ ಕಂಡಿತು. ಒಂದು ಪಿಕ್ಸೆಲ್ ಕೆಂಪಿನಲ್ಲೇ ಸಿಕ್ಕಿಬಿದ್ದಿದೆ ಎಂದು ತೀರ್ಮಾನಿಸಿ, ಎರಡು ಪುಟದ ವರದಿ ಬರೆದು, ಪರದೆಯನ್ನೇ ಬದಲಿಸಬೇಕೆಂದು ಶಿಫಾರಸು ಮಾಡಿದೆ. ಒಂದು ವಾರಕ್ಕೆ ಹೊಸ ಪರದೆ ಬಂತು. ಹಳೆಯದನ್ನು ಬಿಚ್ಚುವಾಗ ಆ ಮನೆಯ ಸೊಸೆ ಹತ್ತಿರ ಬಂದು ಬೆರಳು ಒದ್ದೆ ಮಾಡಿ ಚುಕ್ಕಿಯನ್ನು ಒರೆಸಿದಳು. ಚುಕ್ಕಿ ಹೋಯಿತು.

"ಟಿವಿ ತಂದ ದಿನಾ ನಮ್ಮತ್ತಿ ಪೂಜಿ ಮಾಡಿ ಕುಂಕಮ ಹಚ್ಚಿದ್ರರಿ," ಎಂದಳು.

"ಮೊದಲ ಹೇಳಬೇಕಿಲ್ಲೇನವಾ?"

"ನೀವು ಏನೋ ಬರಕೋತ ಕುಂತಿದ್ರಿ. ಓದಿದವ್ರು, ನಡುವ ಮಾತಾಡಬಾರದು ಅಂತ ಸುಮ್ನಿದ್ದೆ."

ಆದ್ದರಿಂದ ಹೊಸಬರಿಗೆ ಮೊದಲ ಮಾತು: ಉಪಕರಣದ ಪೆಟ್ಟಿಗೆ ತೆರೆಯುವ ಮುನ್ನ ಒಂದು ಒದ್ದೆ ಬಟ್ಟೆ ಕೇಳಿ.

ಇನ್ನು ನಮ್ಮ ಏರಿಯಾ ಮ್ಯಾನೇಜರ್. ಅವರು ಹುಬ್ಬಳ್ಳಿಯಿಂದ ಬರುತ್ತಿದ್ದರು. ಅವರ ಸಿದ್ಧಾಂತ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುವಷ್ಟಿತ್ತು. ಅದರೊಳಗೆ ಒಂದು ಗಿಣಿ, ಒಂದು ಜಲಪಾತ, ಒಂದು ಹೋಳು ಮಾಡಿದ ಕಲ್ಲಂಗಡಿ ಹಣ್ಣು. ಮೂರೂ ಟಿವಿಯ ಪರದೆಯಲ್ಲಿ ಎಷ್ಟು ಚುಕ್ಕಿಗಳಿವೆಯೋ ಅಷ್ಟೇ ಚುಕ್ಕಿಗಳಲ್ಲಿ ಚಿತ್ರೀಕರಿಸಿದವು. ಹಾಗಾಗಿ ಟಿವಿಗೆ ಊಹಿಸುವ ಕೆಲಸವೇ ಇರುತ್ತಿರಲಿಲ್ಲ. ಗಿಣಿಯ ರೆಕ್ಕೆಯ ಎಳೆ ಎಳೆಯೂ ಕಾಣುತ್ತಿತ್ತು. ಇಷ್ಟು ಸಾಲದೆಂದು ಟಿವಿಯನ್ನು ಶೋರೂಂ ಮೋಡಿನಲ್ಲಿ ಇಡಬೇಕೆಂದು ಅವರ ಆಜ್ಞೆ. ಆ ಮೋಡಿನಲ್ಲಿ ಬೆಳಕು, ಬಣ್ಣ, ಶಾರ್ಪ್‌ನೆಸ್ ಎಲ್ಲವೂ ಕೊನೆಯ ಮಟ್ಟಕ್ಕೆ ಏರಿರುತ್ತವೆ. ಗಿರಾಕಿ ಮನೆಗೆ ಒಯ್ದು ಕೇಬಲ್ ಹಚ್ಚಿದ ಮರುದಿನವೇ ನನಗೆ ಫೋನು.

"ಸಾಹೇಬ್ರ, ಅಂಗಡ್ಯಾಗ ಗಿಣಿ ಇತ್ತು. ಮನಿಗೆ ಬರೂದ್ರಾಗ ಎಲ್ಲಾ ಗೊಂಬಿ ಮೂತಿ ಆಗ್ಯಾವಲ್ರಿ!"

ಮ್ಯಾನೇಜರ್‌ಗೆ ಹೇಳಿದರೆ, "ಅವ್ರ ಮನಿಗೂ ಗಿಣಿ ಹಾಕಿ ಬರ್ರಿ," ಎನ್ನುತ್ತಿದ್ದರು. ಶಿಗ್ಲಿಯ ಒಂದು ಮನೆಯಲ್ಲಿ ನಾನು ಹಾಗೆಯೇ ಮಾಡಿದ್ದೆ. ಅವರು ಒಂದು ತಿಂಗಳು ನೆಂಟರಿಗೆಲ್ಲ ಗಿಣಿಯನ್ನೇ ತೋರಿಸಿದರಂತೆ. ತೋರಿಸಿದರೆಂದು ಯಾರು ಹೇಳಿದರು, ನೆನಪಿಲ್ಲ. ನಾನೇ ಕಟ್ಟಿಕೊಂಡ ಕತೆಯೂ ಇರಬಹುದು.

ಈ ಊಹೆಯ ಕೆಲಸವನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಬೆಟಗೇರಿಯ ಶಾಂತವ್ವ. ಮನೆಯಲ್ಲೇ ಕೈಮಗ್ಗ. ಹೊಸ ಟಿವಿಯಲ್ಲಿ ಧಾರಾವಾಹಿ ಸರಿ ಕಾಣುವುದಿಲ್ಲ ಎಂದು ಕರೆಸಿದ್ದರು. ನಾನು ಹೋದಾಗ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಎದ್ದು ಬರಲಿಲ್ಲ. ಅಲ್ಲಿಂದಲೇ ವಿಚಾರಣೆ.

"ಟಿವಿಯೊಳಗ ಎಷ್ಟು ಎಳಿ ಅದಾವರಿ?"

"ಅಡ್ಡ ಗೆರಿ ಎರಡು ಸಾವಿರದ ನೂರಾ ಅರವತ್ತು."

"ಕೇಬಲ್‌ನ್ಯಾಗ ಬರೂದು?"

"ಐನೂರಾ ಎಪ್ಪತ್ತಾರು."

ಲಾಳಿ ನಿಂತಿತು. "ಮತ್ತ ಉಳದ ಎಳಿ ಎಲ್ಲಿಂದ ತರತೈತಿ ಅದು?"

"ಮ್ಯಾಲಿನ ಎಳಿ ನೋಡತೈತಿ, ಕೆಳಗಿನ ಎಳಿ ನೋಡತೈತಿ, ನಡುವಿಂದು ಹಿಂಗ ಇದ್ದೀತು ಅಂತ ಹಾಕತೈತಿ."

"ಅಂದ್ರ ನಾನು ಒಂದು ಸೀರಿ ನೂಲು ತಂದು, ನಾಕು ಸೀರಿ ಹಾಸು ಮಾಡಿ, ಉಳದದ್ದಕ್ಕ ಕಣ್ಣ ಮುಚ್ಚಿ ಲಾಳಿ ಓಡಿಸಿದಂಗ. ಅಂಥಾ ಸೀರಿ ನನ್ನ ಹತ್ರ ಯಾರ ತಗೋತಾರ್ರಿ? ನಿಮ್ಮ ಟಿವಿ ಮಾತ್ರ ತಗೋತಾರ!"

ಅವರು ಅಲ್ಲಿಗೇ ಬಿಡಲಿಲ್ಲ. ಧಾರಾವಾಹಿಯ ಪಾತ್ರಗಳ ತಲೆಯ ಸುತ್ತ ಬಿಳಿ ಗೆರೆಯೊಂದು ಕಾಣುತ್ತದೆ, ಅದೇನು ಎಂದು ಕೇಳಿದರು. "ಸೀರಿಗೆ ಅಂಚು ಇರತೈತಿ ಖರೆ, ಮನಷ್ಯಾನ ತಲಿಗೂ ಅಂಚು ಇರತೈತೇನ್ರಿ?"

ನಾನು ಮೆನು ತೆರೆದು ಶಾರ್ಪ್‌ನೆಸ್ ನೂರರಿಂದ ಸೊನ್ನೆಗೆ ಇಳಿಸಿದೆ. ಅಂಚು ಮಾಯವಾಯಿತು. ಊಹಿಸಿ ತುಂಬಿದ ಚಿತ್ರ ಮಬ್ಬಾಗಿರುತ್ತದೆ. ಅದು ಚುರುಕಾಗಿ ಕಾಣಲಿ ಎಂದು ಟಿವಿ ಒಂದು ಉಪಾಯ ಮಾಡುತ್ತದೆ. ಕಪ್ಪು ಮತ್ತು ಬಿಳುಪು ಕೂಡುವ ಕಡೆ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳುಪನ್ನು ಇನ್ನಷ್ಟು ಬಿಳುಪು ಮಾಡುತ್ತದೆ. ಅತಿಯಾದರೆ ಕಪ್ಪು ತಲೆಯ ಸುತ್ತ ಬಿಳಿಯ ಪಟ್ಟಿ ಮೂಡುತ್ತದೆ. ಇದನ್ನೆಲ್ಲ ನಾನು ಶಾಂತವ್ವನಿಗೆ ವಿವರಿಸಿದೆ. ಅವರು ಕೇಳಿ, "ಇಲ್ಲದ ಅಂಚು ಹಚ್ಚೂದು," ಎಂದು ಒಂದೇ ಮಾತಿನಲ್ಲಿ ಮುಗಿಸಿ ಲಾಳಿ ಎಳೆದರು.

ಇಷ್ಟು ಉದ್ದ ಬರೆದದ್ದು ಯಾಕೆಂದರೆ, ಮುಂದೆ ಹೇಳುವ ಕಡೆ ನಾನು ತಿಳಿಯದೆ ತಪ್ಪು ಮಾಡಿದೆ ಎಂದು ಜಾರಿಕೊಳ್ಳಲು ನನಗೆ ದಾರಿ ಇರಬಾರದು. ನನಗೆ ಗೊತ್ತಿತ್ತು.

ನಿವೃತ್ತಿಗೆ ಒಂದು ವರ್ಷವಿತ್ತು. ಕೊರ್ಲಹಳ್ಳಿಯಿಂದ ಮುಂದೆ, ತುಂಗಭದ್ರೆಯ ದಂಡೆಯ ಒಂದು ಹಳ್ಳಿ. ಹೆಸರು ಬೇಡ. ಅಲ್ಲಿ ರೈತರು ಕೂಡಿ ಹೊಳೆಗೆ ಪಂಪು ಹಾಕಿಕೊಂಡಿದ್ದರು. ಯಾರ ಹೊಲಕ್ಕೆ ಯಾವ ದಿನ ನೀರು ಎಂದು ಪಾಳಿಯ ಪ್ರಕಾರ ಬಿಡುವವನು ಹನಮಪ್ಪ. ಪಂಪ್ ಮನೆಯ ಕೀಲಿ ಅವನ ಉಡದಾರದಲ್ಲಿ. ತಲೆಗೆ ಯಾವಾಗಲೂ ಬಿಳಿ ಟವೆಲ್ ಸುತ್ತಿರುತ್ತಿದ್ದ. ದೂರದಿಂದ ಆ ಬಿಳುಪು ಕಂಡರೆ ನೀರು ಬಂತು ಎಂದು ಊರು ತಿಳಿಯುತ್ತಿತ್ತು.

ಪಂಪಿನ ಸಂಘದ ಅಧ್ಯಕ್ಷರು ಫೋರ್‌ಕೆ ಟಿವಿ ಕೊಂಡಿದ್ದರು. ಊರಿನಲ್ಲಿ ಮೊದಲನೆಯದೆಂದು ನಮ್ಮ ಮ್ಯಾನೇಜರ್ ಸ್ವತಃ ಗಿಣಿಯೊಂದಿಗೆ ಬಂದರು. ಪಡಸಾಲೆ ತುಂಬ ಜನ. ಗಿಣಿ ಹಾರಿತು, ಜಲಪಾತ ಬಿತ್ತು, ಕಲ್ಲಂಗಡಿ ಕಂಡು ಒಬ್ಬಾತ ಬಾಯಿ ಒರೆಸಿಕೊಂಡ. "ಇದು ಕಾಣದಿದ್ದದ್ದನ್ನೂ ಕಾಣಸ್ತೈತಿ," ಎಂದು ಮ್ಯಾನೇಜರ್ ಪೆಟ್ಟಿಗೆಯ ಮೇಲಿನ ವಾಕ್ಯವನ್ನು ಓದಿ ಹೇಳಿದರು.

ಅಧ್ಯಕ್ಷರ ಕಣ್ಣು ಅರಳಿತು. ಹಿಂದಿನ ವಾರ ನಸುಕಿನಲ್ಲಿ ಪಂಪ್ ಮನೆಯ ತಾಮ್ರದ ಕೇಬಲ್ ಕಳುವಾಗಿತ್ತು. ಕಂಬದ ಮೇಲಿನ ಅಗ್ಗದ ಕ್ಯಾಮೆರಾದಲ್ಲಿ ಒಂದು ಆಕೃತಿ ನಡೆದುಹೋದದ್ದು ದಾಖಲಾಗಿತ್ತು. ಮೊಬೈಲಿನಲ್ಲಿ ನೋಡಿದರೆ ಇರುವೆಯಷ್ಟು.

"ಇದರಾಗ ಹಾಕ್ರಿ ಸಾಹೇಬ್ರ. ಯಾರಂತ ನೋಡೇ ಬಿಡೂಣು."

ಹಾಕಿದೆ. ಚಿತ್ರ ನಿಲ್ಲಿಸಿ ಹಿಗ್ಗಿಸಿದೆ. ಟಿವಿ ಶೋರೂಂ ಮೋಡಿನಲ್ಲೇ ಇತ್ತು. ನಲವತ್ತು ಚುಕ್ಕಿ ಎತ್ತರದ ಆ ಮನುಷ್ಯ ಪರದೆಯ ತುಂಬ ಬೆಳೆದು ನಿಂತ. ಮುಖದ ಜಾಗದಲ್ಲಿ ಕಪ್ಪು ಮುದ್ದೆ. ಹಿಂದೆ ನಸುಕಿನ ಬೂದು ಆಕಾಶ. ಮುದ್ದೆಯ ಸುತ್ತ, ಹಣೆಯಿಂದ ಹಿಂದಲೆಯವರೆಗೆ, ದಪ್ಪ ಬಿಳಿ ಪಟ್ಟಿ.

"ಟವೆಲ್!" ಎಂದು ಯಾರೋ ಕೂಗಿದರು. "ಹನಮಪ್ಪನ ಟವೆಲ್ ಲೇ ಅದು!"

ಹನಮಪ್ಪ ಬಾಗಿಲ ಬಳಿಯೇ ನಿಂತಿದ್ದ. ತಲೆಯ ಮೇಲೆ ಟವೆಲ್ ಇತ್ತು. ಎಲ್ಲರೂ ತಿರುಗಿ ಒಮ್ಮೆ ಅವನನ್ನು, ಒಮ್ಮೆ ಪರದೆಯನ್ನು ನೋಡಿದರು. ಅಧ್ಯಕ್ಷರು ನನ್ನನ್ನು ಕೇಳಿದರು: "ಏನ್ರಿ ಸಾಹೇಬ್ರ, ಟಿವಿ ಸುಳ್ಳು ತೋರಸ್ತೈತೇನು?" ಮ್ಯಾನೇಜರ್ ನನ್ನ ಪಕ್ಕದಲ್ಲೇ ಇದ್ದರು.

ಆಗ ನಾನು ಹೇಳಿದ್ದೇನು? ನನ್ನ ಬಳಿ ಎರಡು ನೆನಪುಗಳಿದ್ದವು. ಒಂದರಲ್ಲಿ, "ಇದರಾಗ ಅಂದಾಜು ಭಾಳ ಇರತೈತ್ರಿ, ನಂಬಬ್ಯಾಡ್ರಿ," ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಇನ್ನೊಂದರಲ್ಲಿ, "ಇದ್ದದ್ದನ್ನ ತೋರಸ್ತೈತ್ರಿ," ಎಂದೆ. ಮನಸ್ಸು ಹಗುರಾದ ದಿನ ಮೊದಲನೆಯದು, ಉಳಿದ ದಿನ ಎರಡನೆಯದು ನಿಜವೆನಿಸುತ್ತಿತ್ತು. ಹನಮಪ್ಪನ ಉಡದಾರದಿಂದ ಕೀಲಿ ಬಿಚ್ಚಿಸಿಕೊಂಡದ್ದು ಮಾತ್ರ ಎರಡರಲ್ಲೂ ಒಂದೇ. ಅದು ಅಧ್ಯಕ್ಷರ ಅಕ್ಕನ ಮಗನ ಕೈ ಸೇರಿತು.

ಹಿಂತಿರುಗುವಾಗ ಜೀಪಿನಲ್ಲಿ ಮ್ಯಾನೇಜರ್‌ಗೆ, ಅದು ಶಾರ್ಪ್‌ನೆಸ್‌ನ ಅಂಚು ಎಂದೆ. ಅವರು ಕಿಟಕಿಯಾಚೆ ನೋಡುತ್ತ, "ಎಷ್ಟ ಜನಾ ನೋಡಿದ್ರು ನೋಡ್ರಿ ಇವತ್ತ. ಈ ಕಡೆ ಇನ್ನ ಮ್ಯಾಲ ನಮ್ಮದ ಟಿವಿ," ಎಂದರು. ನಾನು ಮತ್ತೆ ಆ ಮಾತು ಎತ್ತಲಿಲ್ಲ. ವರ್ಷ ಕಳೆಯಿತು. ಹಾರ ಹಾಕಿ ಕಳುಹಿಸಿದರು.

ನಿವೃತ್ತಿಯ ನಂತರ ಮೊದಲ ಕೆಲಸವಾಗಿ ಹನಮಪ್ಪನ ಮನೆಗೆ ಹೋದೆ ಎಂದು ಬರೆಯಲು ಕೈ ತುಡಿಯುತ್ತದೆ. ಮೊದಲ ಕೆಲಸವಲ್ಲ. ನಾಲ್ಕೈದು ತಿಂಗಳಾದ ಮೇಲೆ ಹೋದೆ. ಅವನು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಬರಿದಲೆ. ನೆತ್ತಿ ಬಿಸಿಲಿಗೆ ಹೊಳೆಯುತ್ತಿತ್ತು. ಅವನ ಹೆಂಡತಿ ನನ್ನ ಗುರುತು ಹಿಡಿದಳು.

"ಟಿವಿ ಸಾಹೇಬ್ರು. ಬರ್ರಿ, ಕುಂಡ್ರಿ. ಇನ್ನೇನರ ತೋರಸೂದು ಉಳದೈತೇನು?"

ನಾನು ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡದ್ದನ್ನು ಒಪ್ಪಿಸಿದೆ. ಆ ದಿನ ಟಿವಿ ಇದ್ದದ್ದನ್ನೇ ತೋರಿಸುತ್ತದೆ ಎಂದು ಹೇಳಿದ್ದು ತಪ್ಪಾಯಿತು ಎಂದೆ.

ಹನಮಪ್ಪ ಹಗ್ಗ ಬಿಡಲಿಲ್ಲ. "ನೀವು ಹಂಗ ಅಂದಿಲ್ಲರಿ."

ನನಗೆ ಎದೆ ಹಗುರಾಯಿತು. "ನಂಬಬ್ಯಾಡ್ರಿ ಅಂದಿದ್ನಾ?"

"ಅದನ್ನೂ ಅಂದಿಲ್ಲ. ಏನೂ ಅಂದಿಲ್ಲ. ರಿಮೋಟ್ ಹಿಡಕೊಂಡು ಸುಮ್ನ ನಿಂತ್ರಿ. ನಾ ನಿಮ್ಮ ಬಾಯಿ ನೋಡಕೋತ ನಿಂತಿದ್ದೆ, ಈಗ ಅಂತಾರ, ಈಗ ಅಂತಾರ ಅಂತ. ಅದಕ್ಕ ನನಗ ನೆನಪೈತಿ."

ನನ್ನ ಎರಡೂ ನೆನಪುಗಳು ನಾನೇ ತುಂಬಿಕೊಂಡವು. ಅಲ್ಲಿ ಒಳಗೆ ಬಂದ ಸಿಗ್ನಲ್ಲೇ ಇರಲಿಲ್ಲ.

"ಕದ್ದಾವ ಅಂತ ಪಡಸಾಲ್ಯಾಗ ಎಲ್ಲಾರ ಮುಂದ ಅಂದ್ರು," ಎಂದ ಹನಮಪ್ಪ. "ಕದ್ದಿಲ್ಲ ಅಂತ ನೀವು ನನ್ನ ಅಂಗಳದಾಗ ಅಂದ್ರ ಯಾರಿಗೆ ಕೇಳತೈತ್ರಿ? ಅಲ್ಲೇ ಅನ್ನಸ್ರಿ."

ಅಧ್ಯಕ್ಷರ ಬಳಿ ಹೋಗಿ ಟಿವಿ ಸರಿ ಮಾಡಿಕೊಡುತ್ತೇನೆ ಎಂದೆ. ಸುಳ್ಳಲ್ಲ. ಜೊತೆಗೆ ಕ್ಯಾಮೆರಾದ ಪರೀಕ್ಷೆ ಎಂದು, ಮರುದಿನ ನಸುಕಿನಲ್ಲಿ ಪಂಪ್ ಮನೆಯ ಮುಂದೆ ಒಬ್ಬೊಬ್ಬರಾಗಿ ಐದು ಜನ ನಡೆದು ಹೋಗಬೇಕೆಂದು ಒಪ್ಪಿಸಿದೆ. ಷರತ್ತು ಒಂದೇ: ಟೊಪ್ಪಿಗೆ, ಟವೆಲ್ ಯಾವುದೂ ಇಲ್ಲದೆ, ಬರಿದಲೆಯಲ್ಲಿ. ಮೊದಲು ನಾನು, ನಾಲ್ಕನೆಯವರು ಅಧ್ಯಕ್ಷರು. ಉಳಿದವರನ್ನು ಬೇರೆ ಬೇರೆ ಕಡೆ ನಿಲ್ಲಿಸಿ ಒಬ್ಬೊಬ್ಬರನ್ನೇ ಕರೆದೆ, ಯಾರ ಸರದಿ ಎಷ್ಟನೆಯದೆಂದು ಹೇಳದೆ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಹನಮಪ್ಪ ಬಂದಿದ್ದ, ಆದರೆ ಕಂಬದ ಹಿಂದೆ ಕಟ್ಟೆಯ ಮೇಲೆ ಕೂತ. ನಡೆಯಲಿಲ್ಲ. ಅದು ನನಗೆ ಮಾತ್ರ ಗೊತ್ತಿತ್ತು.

ಬಿಸಿಲು ಏರಿದ ಮೇಲೆ ಅದೇ ಪಡಸಾಲೆ, ಬಹುಪಾಲು ಅದೇ ಜನ. ಶೋರೂಂ ಮೋಡ್ ಹಾಗೇ ಇತ್ತು. ಒಬ್ಬೊಬ್ಬರನ್ನೇ ನಿಲ್ಲಿಸಿ ಹಿಗ್ಗಿಸಿದೆ. ಕಪ್ಪು ಮುದ್ದೆ, ಬಿಳಿ ಪಟ್ಟಿ. ಮತ್ತೆ ಕಪ್ಪು ಮುದ್ದೆ, ಬಿಳಿ ಪಟ್ಟಿ. ನಾಲ್ಕನೆಯದು ಬಂದಾಗ ಅಧ್ಯಕ್ಷರು ಕುರ್ಚಿಯಿಂದ ಎದ್ದು ಬೆರಳು ತೋರಿಸಿದರು.

"ಇಲ್ಲಿ ನೋಡ್ರಿ! ಬ್ಯಾಡ ಅಂದ್ರೂ ಟವೆಲ್ ಸುತಗೊಂಡು ಬಂದಾನ. ನಡಿಗಿನೂ ಅವಂದ. ಇವ ಹನಮಪ್ಪನ, ನೂರಕ್ಕ ನೂರು!"

ಚೀಟಿಯನ್ನು ಅವರ ಕೈಗೆ ಕೊಟ್ಟೆ. "ನಾಕನೇದವ್ರು ನೀವ್ರಿ."

ಪಡಸಾಲೆಯಲ್ಲಿ ಎದ್ದ ನಗು ಬೇಗ ಇಳಿಯಲಿಲ್ಲ. "ಗೌಡ್ರ, ಕೇಬಲ್ ಎಲ್ಲಿ ಇಟ್ಟೀರಿ?" ಎಂದು ಹಿಂದಿನಿಂದ ಒಬ್ಬ ಅಧ್ಯಕ್ಷರನ್ನು ಕೇಳಿದ. ನಾನು ಮೆನು ತೆರೆದು ಎಲ್ಲರಿಗೂ ಕಾಣುವಂತೆ ಶಾರ್ಪ್‌ನೆಸ್ ಒಂದೊಂದೇ ಮಟ್ಟ ಇಳಿಸಿದೆ. ಪಟ್ಟಿ ಸಣ್ಣದಾಯಿತು, ಮಸುಕಾಯಿತು, ಹೋಯಿತು. ಆಮೇಲೆ ಹಳೆಯ ಕಳುವಿನ ಚಿತ್ರ ಹಾಕಿದೆ. ಅಧ್ಯಕ್ಷರು ಅದನ್ನು ಬಂದವರಿಗೆಲ್ಲ ತೋರಿಸಲೆಂದು ಜೋಪಾನವಾಗಿ ಇಟ್ಟುಕೊಂಡಿದ್ದರು. ಅದರಲ್ಲೂ ಈಗ ಬರಿಯ ಕಪ್ಪು ತಲೆ.

"ಹಂಗಾರ ಕದ್ದಾವ್ರು ಯಾರು?" ಎಂದು ಒಬ್ಬಾಕೆ ಕೇಳಿದಳು.

"ಗೊತ್ತಿಲ್ಲವಾ."

"ಟಿವಿಗೆ?"

"ಅದಕ್ಕೂ ಗೊತ್ತಿಲ್ಲ. ಅದಕ್ಕ ಅಂದೂ ಗೊತ್ತಿರಲಿಲ್ಲ. ನನಗ ಅದು ಗೊತ್ತಿತ್ತು, ನಾ ಹೇಳಲಿಲ್ಲ." ಈ ವಾಕ್ಯವನ್ನು ನಾನು ಹೇಳಿದ್ದು ಖಚಿತ. ಮನೆಗೆ ಬಂದ ಕೂಡಲೇ ಬರೆದಿಟ್ಟುಕೊಂಡಿದ್ದೇನೆ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಆತಪಾ ಹನಮಪ್ಪ. ಆದದ್ದು ಆತು. ತಪ್ಪಾಗೈತಿ ಅಂತ ತಿಳಕೊ."

"ನಾ ಏನ ತಿಳಕೊಳ್ಳಿರಿ? ನನಗ ಮೊದಲ ಗೊತ್ತೈತಿ," ಎಂದ ಹನಮಪ್ಪ. ಬಾಗಿಲ ಬಳಿಯ ತನ್ನ ಹಳೆಯ ಜಾಗದಲ್ಲೇ ನಿಂತಿದ್ದ. "ನೀವ ಹೇಳ್ರಿ."

"ಹನಮಪ್ಪ ಕದ್ದಿಲ್ಲ," ಎಂದರು ಅಧ್ಯಕ್ಷರು, ನೆಲ ನೋಡುತ್ತ.

"ಹಿಂದ ಕುಂತಾವ್ರಿಗೆ ಕೇಳಸಲಿಲ್ಲರಿ."

"ಹನಮಪ್ಪ ಕದ್ದಿಲ್ಲ!"

"ಹೊರಗ ಕಟ್ಟಿ ಮ್ಯಾಲೂ ಮಂದಿ ಅದಾರ."

ಮೂರನೆಯ ಸಲ ಅಧ್ಯಕ್ಷರು ಕೂಗಿಯೇಬಿಟ್ಟರು. ಹೊರಗೆ ಒಂದು ನಾಯಿ ಬೊಗಳಿತು. ಹನಮಪ್ಪ ನಡೆದು ಹೋಗಿ ಅಧ್ಯಕ್ಷರ ಅಕ್ಕನ ಮಗನ ಮುಂದೆ ಕೈ ಚಾಚಿದ. ಆ ತರುಣ ಮಾವನ ಮುಖ ನೋಡಿದ. ಮಾವ ಬೇರೆ ಕಡೆ ನೋಡಿದರು. ಕೀಲಿ ಕೈ ಬದಲಿಸಿತು.

"ಮ್ಯಾಲಿನ ಹೊಲದ ಪಾಳಿ ಇವತ್ತ," ಎಂದ ಹನಮಪ್ಪ. "ಹೊತ್ತಾತು."

ಹೊಸ್ತಿಲಲ್ಲಿ ಅವನು ತಿರುಗಿ ನನ್ನನ್ನು ನೋಡಿ ಸ್ವಲ್ಪ ನಕ್ಕ ಎಂದು ಮೊದಲು ಬರೆದಿದ್ದೆ. ಈಗ ಹೊಡೆದು ಹಾಕಿದ್ದೇನೆ. ನಾನು ನಿಂತ ಜಾಗದಿಂದ ಕಂಡದ್ದು ಅವನ ಬೆನ್ನು ಮಾತ್ರ.